ಸ್ಟೆಂಟ್ ಹಾಕಿಸಿಕೊಂಡ ಮೇಲಿನ ಫಾಲೋಅಪ್: ಹೇಗೆ ಹೋಗಬೇಕು, ಅಲ್ಲಿನವರಿಗೆ ಹೇಗೆ ಥ್ಯಾಂಕ್ಸ್ ಹೇಳಬೇಕು

ಆಂಜಿಯೋಪ್ಲಾಸ್ಟಿ ಆಗಿ, ಅಂದರೆ ಹೃದಯದ ಕಟ್ಟಿಕೊಂಡ ರಕ್ತನಾಳ ಬಿಡಿಸಿ ಸ್ಟೆಂಟ್ ಹಾಕಿಸಿಕೊಂಡು, ಮನೆಗೆ ಬಂದವರ ಡಿಸ್ಚಾರ್ಜ್ ಹಾಳೆಯಲ್ಲಿ ಕೊನೆಗೆ ಒಂದು ಸಾಲು ಇರುತ್ತದೆ, ಇಂಥ ದಿನ ಓಪಿಡಿಗೆ ಬನ್ನಿ ಅಂತ. ಎಷ್ಟೋ ಮನೆಗಳಲ್ಲಿ ಆ ಸಾಲು ಅಲ್ಲೇ ಉಳಿದುಬಿಡುತ್ತದೆ. "ಈಗ ಆರಾಮಾಗಿದ್ದೀನಲ್ಲ, ಸುಮ್ನೆ ಯಾಕೆ ಬೆಂಗಳೂರಿಗೆ ಹೋಗಿ ಬರೋದು" ಅಂತ ಅಪ್ಪ ಅನ್ನುತ್ತಾರೆ, ಮಗನಿಗೆ ರಜೆ ಸಿಗುವುದಿಲ್ಲ, ಹಬ್ಬ ಬರುತ್ತದೆ, ಒಂದು ತಿಂಗಳಿಗೆ ಹೋಗಬೇಕಾದವರು ಐದು ತಿಂಗಳಾದರೂ ಹೋಗಿರುವುದಿಲ್ಲ. ನಮ್ಮಪ್ಪನಿಗೆ ಸ್ಟೆಂಟ್ ಹಾಕಿದ ಮೇಲೆ ಅವರ ಜೊತೆ ಫಾಲೋಅಪ್‌ಗೆ ಓಡಾಡುತ್ತಾ ನಾನು ಕಲಿತದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಆಸ್ಪತ್ರೆಯವರು ಎಷ್ಟೇ ಎಚ್ಚರಿಕೆಯಿಂದ ಕೆಲಸ ಮಾಡಿದರೂ ಅದರಲ್ಲಿ ಅರ್ಧ ನಮ್ಮ ಕೈಯಲ್ಲೇ ಇರುತ್ತದೆ, ಆ ಅರ್ಧವನ್ನು ಹೇಗೆ ಮಾಡುವುದು ಅನ್ನೋದೇ ಈ ಬರಹ.

ಈ ವಿಸಿಟ್ ಯಾಕೆ ತಪ್ಪಿಸಬಾರದು

ಬಲೂನಿನಿಂದ ಹೃದಯದ ರಕ್ತನಾಳ ಅಗಲಿಸುವ ಕೆಲಸವನ್ನು ಮೊದಲು ಮಾಡಿದ್ದು 1977ರಲ್ಲಿ, ಜ್ಯೂರಿಕ್‌ನಲ್ಲಿ, ಆಂಡ್ರಿಯಾಸ್ ಗ್ರುಂಟ್ಸಿಗ್ ಎಂಬ ಡಾಕ್ಟರು. ಆ ಕಾಲಕ್ಕೆ ಹಾರ್ಟ್ ಅಟ್ಯಾಕ್ ಆದವರು ವಾರಗಟ್ಟಲೆ ಆಸ್ಪತ್ರೆಯಲ್ಲೇ ಇರಬೇಕಿತ್ತು. ಈಗ ಮಣಿಕಟ್ಟಿನ ರಕ್ತನಾಳದಿಂದಲೇ ಒಳಗೆ ಹೋಗಿ ಸ್ಟೆಂಟ್ ಇಟ್ಟು, ಬೇರೆ ತೊಂದರೆ ಇಲ್ಲದಿದ್ದರೆ ಎರಡು ಮೂರು ದಿನಕ್ಕೆ ಮನೆಗೆ ಕಳಿಸುತ್ತಾರೆ. ಒಳ್ಳೆಯದೇ. ಆದರೆ ಹಿಂದೆ ನರ್ಸುಗಳು ಹಾಸಿಗೆ ಪಕ್ಕದಲ್ಲೇ ನಿಂತು ನೋಡಿಕೊಳ್ಳುತ್ತಿದ್ದ ಬಿಪಿ, ನಾಡಿ, ಮಾತ್ರೆ, ಕಾಲಿನ ಊತ ಎಲ್ಲ ಈಗ ಮನೆಯವರ ಪಾಲಿಗೆ ಬಂದಿದೆ, ಮನೆಯಲ್ಲಿ ಏನಾಯಿತು ಅಂತ ಡಾಕ್ಟರಿಗೆ ಗೊತ್ತಾಗುವುದು ಫಾಲೋಅಪ್ ದಿನ ಮಾತ್ರ.

ಇನ್ನೊಂದು ಕಾರಣ ಸ್ಟೆಂಟ್‌ನದೇ. ಅದು ಸಣ್ಣ ಲೋಹದ ಜಾಲರಿ, ಮೇಲೆ ಔಷಧಿ ಲೇಪ ಇರುತ್ತದೆ. ರಕ್ತನಾಳದ ಒಳಪದರ ನಿಧಾನಕ್ಕೆ ಬೆಳೆದು ಆ ಜಾಲರಿಯನ್ನು ಮುಚ್ಚಬೇಕು, ಅದಕ್ಕೆ ತಿಂಗಳುಗಳೇ ಬೇಕು. ಅಲ್ಲಿವರೆಗೆ ರಕ್ತ ಹರಿಯುವ ಜಾಗದಲ್ಲಿ ಲೋಹ ತೆರೆದೇ ಇರುತ್ತದೆ, ಅದರ ಮೇಲೆ ರಕ್ತ ಹೆಪ್ಪುಗಟ್ಟದಂತೆ ತಡೆಯಲು ಎರಡು ಮಾತ್ರೆ ಕೊಡುತ್ತಾರೆ: ಒಂದು ಆಸ್ಪಿರಿನ್, ಇನ್ನೊಂದು ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲರ್ ಅಥವಾ ಪ್ರಾಸುಗ್ರೆಲ್. ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿಕೊಂಡವರಿಗೆ ಸಾಮಾನ್ಯವಾಗಿ ಎರಡನ್ನೂ ಒಂದು ವರ್ಷ ಮುಂದುವರಿಸುತ್ತಾರೆ, ಕೆಲವರಿಗೆ ಕಮ್ಮಿ, ಕೆಲವರಿಗೆ ಜಾಸ್ತಿ. ಇದನ್ನು ನಾವೇ ನಿಲ್ಲಿಸಿದರೆ ಸ್ಟೆಂಟ್ ಒಳಗೇ ರಕ್ತ ಕಟ್ಟಿಕೊಂಡು ಮತ್ತೆ ಅಟ್ಯಾಕ್ ಆಗಬಹುದು, ಅದು ಮೊದಲನೆಯದಕ್ಕಿಂತ ಕೆಟ್ಟದಾಗಿರಬಹುದು. ಹಲ್ಲು ಕೀಳಿಸೋಕೆ ಹೋದಾಗ ಯಾರೋ "ಒಂದು ವಾರ ಬಿಡಿ" ಅಂದರು ಅಂತ ಬಿಡಬೇಡಿ. ಹಲ್ಲಿನ ಡಾಕ್ಟರಿಗೆ ಸ್ಟೆಂಟ್ ವಿಷಯ ಹೇಳಿ, ಅವರು ಹೃದಯದ ಡಾಕ್ಟರ ಹತ್ತಿರ ಮಾತಾಡಲಿ.

ಡಿಸ್ಚಾರ್ಜ್ ಸಮ್ಮರಿಯನ್ನು ಕೂತು ಓದಿ

ಫಾಲೋಅಪ್‌ನ ತಯಾರಿ ಇಲ್ಲಿಂದ ಶುರು. ಸಮ್ಮರಿ ಇಂಗ್ಲಿಷಿನಲ್ಲಿರುತ್ತದೆ, ಅಕ್ಷರಗಳ ಗುಂಪು ನೋಡಿ ಭಯವಾಗುತ್ತದೆ, ಆದರೆ ನಮಗೆ ಬೇಕಾಗಿರುವುದು ಕೆಲವೇ ಸಾಲು. ಯಾವ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ: ಎಲ್‌ಎಡಿ, ಆರ್‌ಸಿಎ, ಎಲ್‌ಸಿಎಕ್ಸ್ ಹೃದಯದ ಈ ಮೂರು ಮುಖ್ಯ ರಕ್ತನಾಳಗಳಲ್ಲಿ ಒಂದಿರುತ್ತದೆ, ಕೆಲವೊಮ್ಮೆ ಎರಡು. ಬೇರೆ ರಕ್ತನಾಳದಲ್ಲಿ ಇನ್ನೂ ಬ್ಲಾಕ್ ಉಳಿದಿದೆಯಾ, ಅದಕ್ಕೆ ಮುಂದೆ ಏನು ಅಂತ ಬರೆದಿದ್ದಾರಾ. ಈ ಕೊನೆಯ ವಿಷಯ ತುಂಬ ಜನಕ್ಕೆ ಗೊತ್ತೇ ಇರುವುದಿಲ್ಲ, ಒಂದು ಬ್ಲಾಕ್ ತೆಗೆದರೆ ಎಲ್ಲ ಮುಗಿಯಿತು ಅಂದುಕೊಂಡಿರುತ್ತಾರೆ. ಆಮೇಲೆ ಇಎಫ್ ಎಂಬ ಸಂಖ್ಯೆ. ಹೃದಯದ ಎಡ ಕೋಣೆ ಪ್ರತಿ ಸಲ ಹಿಂಡಿದಾಗ ಒಳಗಿನ ರಕ್ತದಲ್ಲಿ ಎಷ್ಟು ಪಾಲು ಹೊರಗೆ ಹೋಗುತ್ತದೆ ಅನ್ನೋದರ ಲೆಕ್ಕ ಅದು. 55ರ ಮೇಲಿದ್ದರೆ ಚೆನ್ನಾಗಿದೆ ಅನ್ನುತ್ತಾರೆ, 40ರ ಕೆಳಗಿದ್ದರೆ ಜಾಸ್ತಿ ಹುಷಾರಾಗಿರಬೇಕು.

ಮಾತ್ರೆ ಪಟ್ಟಿಯಲ್ಲಿ ಓಡಿ (OD) ಅಂದರೆ ದಿನಕ್ಕೊಂದು ಸಲ, ಬಿಡಿ (BD) ಅಂದರೆ ಎರಡು ಸಲ, ಹೆಚ್‌ಎಸ್ ಅಂದರೆ ರಾತ್ರಿ ಮಲಗುವ ಮುಂಚೆ, ಎಸ್‌ಒಎಸ್ ಅಂದರೆ ಬೇಕಾದಾಗ ಮಾತ್ರ. ಇದನ್ನೆಲ್ಲ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಒಂದು ಹಾಳೆಗೆ ಇಳಿಸಿ: ಬೆಳಗ್ಗೆ ಯಾವುದು, ಮಧ್ಯಾಹ್ನ ಯಾವುದು, ರಾತ್ರಿ ಯಾವುದು, ಯಾವುದು ಯಾತಕ್ಕೆ. ಮಾತ್ರೆ ತಗೊಳ್ಳುವವರೇ ಓದುವ ಹಾಗಿರಬೇಕು. ಫ್ರಿಡ್ಜ್ ಬಾಗಿಲಿಗೋ ಕ್ಯಾಲೆಂಡರ್ ಪಕ್ಕಕ್ಕೋ ಅಂಟಿಸಿ. ಸ್ಟೆಂಟ್‌ನ ಸ್ಟಿಕ್ಕರ್ ಅಥವಾ ಕಾರ್ಡ್ ಕೊಟ್ಟಿರುತ್ತಾರೆ, ಕಂಪನಿ ಹೆಸರು, ಅಳತೆ, ನಂಬರ್ ಎಲ್ಲ ಅದರಲ್ಲಿರುತ್ತದೆ. ಅದರ ಫೋಟೋ ಮನೆಯ ಇಬ್ಬರ ಫೋನಿನಲ್ಲಾದರೂ ಇರಲಿ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ

ಮನೆಯಲ್ಲಿ ಬಿಪಿ ಮಿಷನ್ ಇದ್ದರೆ ಒಳ್ಳೆಯದು, ತೋಳಿಗೆ ಕಟ್ಟುವುದೇ ಇರಲಿ. ಕಾಫಿ ಕುಡಿದ ತಕ್ಷಣ ನೋಡಬೇಡಿ, ಅರ್ಧ ಗಂಟೆ ಬಿಡಿ. ಐದು ನಿಮಿಷ ಬೆನ್ನು ಆನಿಸಿ, ಕಾಲು ನೆಲಕ್ಕೆ ಊರಿ ಸುಮ್ಮನೆ ಕೂತು, ಮಾತಾಡದೆ ನೋಡಿ. ಫಾಲೋಅಪ್‌ಗೆ ಮುಂಚಿನ ಒಂದು ವಾರ ಬೆಳಗ್ಗೆ ಸಂಜೆ ಬಿಪಿ, ನಾಡಿ ಎರಡನ್ನೂ ಬರೆದಿಡಿ. ಆಸ್ಪತ್ರೆಯ ಗಲಾಟೆಯಲ್ಲಿ, ಕ್ಯೂನಲ್ಲಿ ನಿಂತು ಸುಸ್ತಾಗಿ ನೋಡಿಸಿದ ಬಿಪಿಗಿಂತ ಈ ಒಂದು ವಾರದ ಪಟ್ಟಿ ಡಾಕ್ಟರಿಗೆ ಜಾಸ್ತಿ ಹೇಳುತ್ತದೆ. ಇಎಫ್ ಕಮ್ಮಿ ಇರುವವರು ದಿನಾ ಬೆಳಗ್ಗೆ ಮೂತ್ರ ಮಾಡಿದ ಮೇಲೆ, ತಿಂಡಿಗೆ ಮುಂಚೆ ತೂಕವನ್ನೂ ನೋಡಿ. ಎರಡು ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಊಟದಿಂದ ಬಂದ ತೂಕ ಅಲ್ಲ, ಮೈಯಲ್ಲಿ ನೀರು ತುಂಬಿಕೊಳ್ಳುತ್ತಿದೆ. ಫಾಲೋಅಪ್ ದಿನದವರೆಗೆ ಕಾಯದೆ ಫೋನ್ ಮಾಡಿ ಹೇಳಬೇಕಾದ ವಿಷಯ ಅದು.

ಇದರ ಜೊತೆ ಮೈಯಲ್ಲಿ ಕಂಡ ಬದಲಾವಣೆಗಳನ್ನೂ ಬರೆಯಿರಿ. ಒಸಡಿನಲ್ಲಿ ರಕ್ತ ಬಂತಾ, ಅಲ್ಲಲ್ಲಿ ನೀಲಿ ಕಲೆ ಏಳುತ್ತಿದೆಯಾ, ಮಲ ಟಾರಿನ ಹಾಗೆ ಕಪ್ಪಾಗಿದೆಯಾ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಲ್ಲಿ ಕಪ್ಪು ಮಲ ಅಂದರೆ ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು, ಅವತ್ತೇ ತೋರಿಸಬೇಕು. ರ‍್ಯಾಮಿಪ್ರಿಲ್ ಜಾತಿಯ ಬಿಪಿ ಮಾತ್ರೆಗೆ ಕೆಲವರಿಗೆ ಬಿಡದ ಒಣ ಕೆಮ್ಮು ಬರುತ್ತದೆ, ಜನ ಅದಕ್ಕೆ ಊರಲ್ಲಿ ಸಿರಪ್ ಕುಡಿಯುತ್ತಾ ಕೂರುತ್ತಾರೆ, ಡಾಕ್ಟರಿಗೆ ಹೇಳಿದರೆ ಮಾತ್ರೆ ಬದಲಾಯಿಸಿ ಕೊಡುತ್ತಾರೆ, ಕೆಮ್ಮು ಹೋಗುತ್ತದೆ. ಟಿಕಾಗ್ರೆಲರ್‌ಗೆ ಕೆಲವರಿಗೆ ಉಸಿರು ಸಾಲದ ಹಾಗೆ ಅನ್ನಿಸುತ್ತದೆ. ಕೊಲೆಸ್ಟ್ರಾಲ್ ಮಾತ್ರೆಗೆ ಮೈಕೈ ನೋವು ಬರಬಹುದು. ಇವೆಲ್ಲ ಹೇಳಬೇಕಾದ ವಿಷಯಗಳು, ನಾವೇ ಮಾತ್ರೆ ನಿಲ್ಲಿಸುವುದಕ್ಕೆ ಕಾರಣಗಳಲ್ಲ.

ಮನಸ್ಸಿನ ವಿಷಯವನ್ನೂ ಬಿಡಬೇಡಿ. ಅಟ್ಯಾಕ್ ಆದ ಮೇಲೆ ತುಂಬ ಜನ ಮಂಕಾಗುತ್ತಾರೆ, ರಾತ್ರಿ ನಿದ್ದೆ ಬರುವುದಿಲ್ಲ, ಸಣ್ಣದಕ್ಕೂ ಕಣ್ಣೀರು. ನಮ್ಮ ಕಡೆ ಗಂಡಸರು ಇದನ್ನು ಯಾರಿಗೂ ಹೇಳುವುದಿಲ್ಲ. ಹೇಳಿದರೆ ಅದಕ್ಕೂ ಚಿಕಿತ್ಸೆ ಇದೆ.

ರಕ್ತ ಪರೀಕ್ಷೆ ಮತ್ತು ಕಾಗದ

ಯಾವ ಪರೀಕ್ಷೆ ಮಾಡಿಸಿಕೊಂಡು ಬರಬೇಕು ಅಂತ ಸಮ್ಮರಿಯಲ್ಲೇ ಬರೆದಿರುತ್ತಾರೆ. ಹೆಚ್ಚಾಗಿ ಲಿಪಿಡ್ ಪ್ರೊಫೈಲ್ (ಕೊಲೆಸ್ಟ್ರಾಲ್), ಕ್ರಿಯಾಟಿನಿನ್ (ಕಿಡ್ನಿಗೆ), ಪೊಟ್ಯಾಶಿಯಂ, ಹಿಮೋಗ್ಲೋಬಿನ್, ಶುಗರ್ ಇದ್ದವರಿಗೆ ಮೂರು ತಿಂಗಳ ಸರಾಸರಿ ಹೇಳುವ ಹೆಚ್‌ಬಿಎ1ಸಿ. ಸಾಧ್ಯವಿದ್ದರೆ ಎರಡು ದಿನ ಮುಂಚೆಯೇ ನಿಮ್ಮೂರಿನಲ್ಲಿ ಒಳ್ಳೆಯ ಲ್ಯಾಬಿನಲ್ಲಿ ಮಾಡಿಸಿ ರಿಪೋರ್ಟ್ ಕೈಯಲ್ಲಿ ಹಿಡಿದುಕೊಂಡು ಹೋಗಿ, ಇಲ್ಲದಿದ್ದರೆ ಅದಕ್ಕೇ ಅಲ್ಲಿ ಅರ್ಧ ದಿನ ಕಳೆಯುತ್ತದೆ. ಖಾಲಿ ಹೊಟ್ಟೆ ಪರೀಕ್ಷೆಯ ದಿನ ನೀರು ಕುಡಿಯಬಹುದು. ಡಾಕ್ಟರು ಬೇರೆ ಹೇಳಿಲ್ಲದಿದ್ದರೆ ಬಿಪಿ ಮಾತ್ರೆಯನ್ನು ನೀರಿನ ಜೊತೆ ಎಂದಿನಂತೆ ತಗೊಳ್ಳಬಹುದು. ಶುಗರ್ ಮಾತ್ರೆ, ಇನ್ಸುಲಿನ್ ಮಾತ್ರ ರಕ್ತ ಕೊಟ್ಟು ತಿಂಡಿ ತಿನ್ನುವ ಹೊತ್ತಿಗೆ, ಯಾಕಂದರೆ ಉಪವಾಸದಲ್ಲಿ ತಗೊಂಡರೆ ಶುಗರ್ ತೀರಾ ಇಳಿದು ತಲೆ ಸುತ್ತಿ ಬೀಳುತ್ತಾರೆ.

ಸ್ಟೆಂಟ್ ಆದವರಿಗೆ ಲ್ಯಾಬಿನ ರಿಪೋರ್ಟಿನಲ್ಲಿ ಕೊಲೆಸ್ಟ್ರಾಲ್ ಪಕ್ಕಕ್ಕೆ ಅಚ್ಚಾಗಿರುವ ನಾರ್ಮಲ್ ರೇಂಜ್ ಲೆಕ್ಕಕ್ಕಿಲ್ಲ. ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ 100 ಇದ್ದರೆ ಲ್ಯಾಬ್ ಅದನ್ನು ಸರಿ ಅನ್ನಬಹುದು, ಹೃದಯದ ಡಾಕ್ಟರು ಒಪ್ಪುವುದಿಲ್ಲ. ಅವರಿಗೆ ಅದು 70ರ ಕೆಳಗೆ ಬೇಕು, ಈಗ ಹಲವರು 55ರ ಕೆಳಗೆ ಇರಲಿ ಅನ್ನುತ್ತಾರೆ. "ರಿಪೋರ್ಟ್ ನಾರ್ಮಲ್ ಬಂದಿದೆ" ಅಂತ ಕೊಲೆಸ್ಟ್ರಾಲ್ ಮಾತ್ರೆ ಬಿಟ್ಟವರನ್ನು ನಾನೇ ನೋಡಿದ್ದೇನೆ. ಮಾತ್ರೆ ತಗೊಳ್ಳುತ್ತಿರುವುದಕ್ಕೇ ಅದು ನಾರ್ಮಲ್ ಬಂದಿರುವುದು.

ಚೀಲಕ್ಕೆ ಏನೇನು: ಡಿಸ್ಚಾರ್ಜ್ ಸಮ್ಮರಿ, ಆಂಜಿಯೋಗ್ರಾಂ ಸಿಡಿ, ಹಳೆಯ ಇಸಿಜಿ ಮತ್ತು ಎಕೋ (ಹೃದಯದ ಸ್ಕ್ಯಾನ್), ಹೊಸ ರಿಪೋರ್ಟು, ನೋಟ್‌ಬುಕ್, ಆಧಾರ್, ಆಸ್ಪತ್ರೆಯ ನಂಬರ್ ಇರುವ ಕಾರ್ಡು. ಎಲ್ಲವನ್ನೂ ತಾರೀಕಿನ ಪ್ರಕಾರ, ಹೊಸದು ಮೇಲೆ ಬರುವಂತೆ ಒಂದು ಫೈಲಿನಲ್ಲಿ ಹಾಕಿ. ಮತ್ತೆ ಎಲ್ಲಕ್ಕಿಂತ ಮುಖ್ಯ, ತಗೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನೂ ಸ್ಟ್ರಿಪ್ ಸಮೇತ ತಗೊಂಡು ಹೋಗಿ. ಎಲ್ಲ ಅಂದರೆ ಎಲ್ಲ: ಊರಿನ ಡಾಕ್ಟರು ಕೊಟ್ಟದ್ದು, ಮೆಡಿಕಲ್ ಶಾಪಿನಲ್ಲಿ ಕೇಳಿ ತಂದದ್ದು, ಆಯುರ್ವೇದದ ಪುಡಿ, ಮತ್ತಿ ಮರದ ತೊಗಟೆ ಕಷಾಯ ಕುಡಿಯುತ್ತಿದ್ದರೆ ಅದೂ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಸ್ಟೆಂಟ್ ಹಾಕಿಸಿದ್ದರೆ ಆ ಕಾಗದ, ರೇಷನ್ ಕಾರ್ಡ್ ಜೊತೆಗಿರಲಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30ರಷ್ಟು ಈ ಯೋಜನೆಯಲ್ಲಿ ಸಿಗುತ್ತದೆ. ಫಾಲೋಅಪ್‌ನ ಪರೀಕ್ಷೆಗಳಲ್ಲಿ ನಿಮಗೆ ಯಾವುದಕ್ಕೆ ಅನ್ವಯ ಅಂತ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಮೊದಲೇ ಕೇಳಿ. ಆಭಾ ನಂಬರ್ (ಸರ್ಕಾರದ ಡಿಜಿಟಲ್ ಆರೋಗ್ಯ ಐಡಿ) ಮಾಡಿಸಿಟ್ಟುಕೊಂಡಿದ್ದರೆ ಕೆಲವು ಆಸ್ಪತ್ರೆಗಳಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಓಪಿಡಿ ಟೋಕನ್ ತಗೊಳ್ಳಬಹುದು, ಚೀಟಿ ಕೌಂಟರಿನ ಕ್ಯೂ ತಪ್ಪುತ್ತದೆ.

ಹೋಗುವ ದಿನ

ಬೆಂಗಳೂರಿನ ಜಯದೇವ ಹೃದಯದ ಆಸ್ಪತ್ರೆಗೆ ಹೋಗುವವರಾದರೆ ಈಗ ಹಳದಿ ಮಾರ್ಗದ ಮೆಟ್ರೋ ಇದೆ, 2025ರ ಆಗಸ್ಟಿನಲ್ಲಿ ಶುರುವಾಯಿತು, ಜಯದೇವ ಆಸ್ಪತ್ರೆ ಅಂತಲೇ ಸ್ಟೇಷನ್ ಇದೆ. ಮೈಸೂರು, ಕಲಬುರಗಿಯಲ್ಲೂ ಜಯದೇವ ಇದೆ, ಆ ಕಡೆಯವರು ಮುಂದಿನ ಫಾಲೋಅಪ್ ಅಲ್ಲೇ ಮಾಡಿಸಬಹುದಾ ಅಂತ ಡಾಕ್ಟರನ್ನು ಕೇಳಿನೋಡಿ. ರೋಗಿಯನ್ನು ರಾತ್ರಿಯೆಲ್ಲ ಬಸ್ಸಿನಲ್ಲಿ ಕೂರಿಸಿಕೊಂಡು ಬರುವುದು ತಪ್ಪುತ್ತದೆ.

ಮುಂದೆ ಗುಂಡಿ ಇರುವ ಸಡಿಲ ಅಂಗಿ ಹಾಕಿಸಿ, ಹೆಂಗಸರಿಗೆ ಮುಂದೆ ಹುಕ್ ಇರುವ ರವಿಕೆ ಅಥವಾ ಕುರ್ತಾ. ಇಸಿಜಿ, ಎಕೋ ಎರಡಕ್ಕೂ ಎದೆ ಬಿಚ್ಚಬೇಕಾಗುತ್ತದೆ. ಅವತ್ತು ಎದೆಗೆ ಎಣ್ಣೆ, ಪೌಡರ್ ಹಚ್ಚಬೇಡಿ, ಇಸಿಜಿ ಗುಂಡಿಗಳು ಸರಿಯಾಗಿ ಹಿಡಿಯುವುದಿಲ್ಲ. ನೀರಿನ ಬಾಟಲ್, ಇಡ್ಲಿಯೋ ಚಪಾತಿಯೋ ಡಬ್ಬಿಯಲ್ಲಿರಲಿ, ಮಧ್ಯಾಹ್ನದ ಮಾತ್ರೆ ಜೇಬಿನಲ್ಲಿರಲಿ. ಎದೆನೋವಿಗೆ ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಕೊಟ್ಟಿದ್ದರೆ ಅದಂತೂ ಇರಲೇಬೇಕು. ಜೊತೆಗೆ ಒಬ್ಬರು ಸಾಕು, ಆದರೆ ಆ ಒಬ್ಬರು ಮನೆಯಲ್ಲಿ ಮಾತ್ರೆ ಕೊಡುವವರೇ ಆಗಿರಲಿ. ಮಗ ಕಾರು ಓಡಿಸಿಕೊಂಡು ಬಂದಿರುತ್ತಾನೆ, ಮಾತ್ರೆ ವಿಷಯ ಗೊತ್ತಿರುವ ಅಮ್ಮ ಊರಲ್ಲಿ ಉಳಿದಿರುತ್ತಾರೆ, ಡಾಕ್ಟರು ಕೇಳಿದ್ದಕ್ಕೆಲ್ಲ ಮಗ ಅಮ್ಮನಿಗೆ ಫೋನ್ ಮಾಡುತ್ತಾ ನಿಲ್ಲುತ್ತಾನೆ. ಓಪಿಡಿಗಳಲ್ಲಿ ಇದು ದಿನಾ ಕಾಣುವ ದೃಶ್ಯ.

ಒಂದೇ ಪ್ರಶ್ನೆ ಮೂರು ಸಲ ಕೇಳಿದರೆ ಸಿಟ್ಟಾಗಬೇಡಿ

ಇದನ್ನು ನಾನು ಎಲ್ಲಕ್ಕಿಂತ ಗಟ್ಟಿಯಾಗಿ ಹೇಳುತ್ತೇನೆ. ಆಸ್ಪತ್ರೆಯಲ್ಲಿ ಚೀಟಿ ಬರೆಯುವವರು ಹೆಸರು ಕೇಳುತ್ತಾರೆ, ಬಿಪಿ ನೋಡುವವರು ಕೇಳುತ್ತಾರೆ, ರಕ್ತ ತೆಗೆಯುವವರು ಮತ್ತೆ ಕೇಳುತ್ತಾರೆ, ವಯಸ್ಸೆಷ್ಟು, ಯಾವ ಮಾತ್ರೆ ಆಗಿಬರುವುದಿಲ್ಲ, ಶುಗರ್ ಇದೆಯಾ. "ಆಗಲೇ ಹೇಳಿದೆನಲ್ಲ" ಅಂತ ರೇಗುವವರೇ ಜಾಸ್ತಿ. ಆದರೆ ಆ ಪ್ರಶ್ನೆ ಕೇಳುವವರು ಮರೆತು ಕೇಳುತ್ತಿಲ್ಲ. ಒಂದೇ ಹೆಸರಿನ ಇಬ್ಬರು ಒಂದೇ ಬೆಂಚಿನಲ್ಲಿ ಕೂತಿರುವ ಜಾಗ ಅದು. ನಿಮ್ಮ ಎದುರಿಗೇ ರಕ್ತದ ಟ್ಯೂಬಿನ ಮೇಲೆ ಹೆಸರು ಬರೆಯುವ, ಕೈಯ ಪಟ್ಟಿ ಓದಿ ನೋಡಿ ಇಂಜೆಕ್ಷನ್ ಕೊಡುವ ಸಿಸ್ಟರ್ ಸಿಕ್ಕರೆ ನೀವು ಒಳ್ಳೆಯ ಕೈಯಲ್ಲಿದ್ದೀರಿ ಅಂತ ತಿಳಿದುಕೊಳ್ಳಿ.

ನಮ್ಮಪ್ಪನ ಫಾಲೋಅಪ್‌ನಲ್ಲಿ ಹೀಗೇ ಒಬ್ಬರು ಸಿಸ್ಟರ್ ಇದ್ದರು. ಬಿಪಿ ನೋಡುತ್ತಾ "ಬೇರೆ ಏನಾದರೂ ಮಾತ್ರೆ ತಗೋತಿದ್ದೀರಾ ಅಜ್ಜಾ" ಅಂದರು. ಅಪ್ಪ ಇಲ್ಲ ಅಂದರು. ತೂಕ ನೋಡಿ ಬರೆದುಕೊಳ್ಳುತ್ತಾ ಮತ್ತೆ ಕೇಳಿದರು, ಮತ್ತೆ ಇಲ್ಲ. ಕೊನೆಗೆ ಅವರು ಪ್ರಶ್ನೆಯನ್ನೇ ತಿರುಗಿಸಿ, "ಮಂಡಿ ನೋವು, ಸೊಂಟ ನೋವು, ಗ್ಯಾಸ್ ಅಂತ ಅಂಗಡಿಯಿಂದ ಏನಾದರೂ ತರಿಸ್ತೀರಾ?" ಅಂತ ಕೇಳಿದಾಗ ಅಪ್ಪ ಜೇಬಿನಿಂದ ಒಂದು ಸ್ಟ್ರಿಪ್ ತೆಗೆದರು. ಡೈಕ್ಲೋಫೆನಾಕ್. ಮಂಡಿ ನೋವಿಗೆ ಊರಿನ ಮೆಡಿಕಲ್‌ನಿಂದ ತಂದುಕೊಂಡದ್ದು. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಜೊತೆ ಈ ಜಾತಿಯ ನೋವಿನ ಮಾತ್ರೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಏರುತ್ತದೆ, ಹೃದಯಕ್ಕೂ ಕಿಡ್ನಿಗೂ ಒಳ್ಳೆಯದಲ್ಲ. ಅಪ್ಪನಿಗೆ ಅದು ಮಾತ್ರೆಯ ಲೆಕ್ಕದಲ್ಲೇ ಇರಲಿಲ್ಲ, ಹೃದಯದ್ದು ಮಾತ್ರ ಮಾತ್ರೆ ಅಂತ ಅವರ ಎಣಿಕೆ. ಸಿಸ್ಟರ್ ಬೈಯಲಿಲ್ಲ. ಸ್ಟ್ರಿಪ್ ಹೆಸರನ್ನು ಕೆಂಪು ಶಾಯಿಯಲ್ಲಿ ಚೀಟಿ ಮೇಲೆ ಬರೆದು, ಒಳಗೆ ಹೋದಾಗ ಡಾಕ್ಟರಿಗೆ ಇದನ್ನೇ ಮೊದಲು ತೋರಿಸಿ ಅಂದರು. ಅವತ್ತಿನ ಇಡೀ ವಿಸಿಟ್‌ನಲ್ಲಿ ನಮಗೆ ಅತಿ ಹೆಚ್ಚು ಉಪಯೋಗವಾದದ್ದು ಆ ಮೂರನೇ ಸಲದ ಪ್ರಶ್ನೆ.

ಡಾಕ್ಟರ ಎದುರಿಗೆ

ದೊಡ್ಡ ಓಪಿಡಿಗಳಲ್ಲಿ ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಆದ್ದರಿಂದ ಕೂತ ತಕ್ಷಣ ಒಂದೇ ಉಸಿರಿಗೆ ಮುಖ್ಯ ವಿಷಯ ಹೇಳಿ: "ಮಾರ್ಚ್‌ನಲ್ಲಿ ಎಲ್‌ಎಡಿಗೆ ಒಂದು ಸ್ಟೆಂಟ್ ಹಾಕಿದ್ದಾರೆ ಸಾರ್, ಮಾತ್ರೆ ಒಂದೂ ತಪ್ಪಿಸಿಲ್ಲ, ಎರಡು ವಾರದಿಂದ ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದೆ." ತಪ್ಪಿಸಿದ್ದರೆ ತಪ್ಪಿಸಿದ್ದೀವಿ ಅಂತಲೇ ಹೇಳಿ. ಮಾತ್ರೆ ಸರಿಯಾಗಿ ತಗೊಂಡಿಲ್ಲ ಅನ್ನೋದು ಗೊತ್ತಿಲ್ಲದೆ ಡಾಕ್ಟರು ಡೋಸ್ ಏರಿಸಿದರೆ, ಮನೆಗೆ ಹೋಗಿ ಸರಿಯಾಗಿ ತಗೊಳ್ಳಲು ಶುರುಮಾಡಿದ ದಿನ ಬಿಪಿ ಕುಸಿಯುತ್ತದೆ. ಬೀಡಿ, ಸಿಗರೇಟು, ಕುಡಿತದ ವಿಷಯವೂ ಹಾಗೇ, ಮಗಳ ಎದುರು ಹೇಳಲು ಮುಜುಗರವಾದರೆ ಮಗಳನ್ನು ಒಂದು ನಿಮಿಷ ಹೊರಗೆ ಕಳಿಸಿ ಹೇಳಬಹುದು.

ಕೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ನಾನಾದರೆ ಇವನ್ನು ಬಿಡುವುದಿಲ್ಲ: ರಕ್ತ ತೆಳುವಾಗಿಸುವ ಎರಡು ಮಾತ್ರೆಗಳಲ್ಲಿ ಯಾವುದು ಯಾವ ತಿಂಗಳವರೆಗೆ, ಮುಂದಿನ ಎಕೋ ಯಾವಾಗ, ನೋವು ಜ್ವರ ಬಂದರೆ ಯಾವ ಮಾತ್ರೆ ತಗೊಳ್ಳಬಹುದು, ಎಷ್ಟು ನಡೆಯಬಹುದು, ಹೊಲದ ಕೆಲಸಕ್ಕೆ ಯಾವಾಗಿನಿಂದ ಹೋಗಬಹುದು. ಗಂಡ ಹೆಂಡತಿ ಜೊತೆಗಿರುವ ವಿಷಯವನ್ನು ಯಾರೂ ಕೇಳುವುದಿಲ್ಲ, ಆದರೆ ಎಲ್ಲರಿಗೂ ಆ ಭಯ ಇರುತ್ತದೆ. ಎರಡು ಮಹಡಿ ಮೆಟ್ಟಿಲನ್ನು ಎದೆನೋವಿಲ್ಲದೆ, ಏದುಸಿರಿಲ್ಲದೆ ಹತ್ತಲು ಆದರೆ ಸಾಮಾನ್ಯವಾಗಿ ತೊಂದರೆ ಇಲ್ಲ ಅನ್ನುತ್ತಾರೆ, ನಿಮ್ಮ ವಿಷಯದಲ್ಲಿ ಹೇಗೆ ಅಂತ ಕೇಳಿಕೊಳ್ಳಿ. ಸಾರ್ಬಿಟ್ರೇಟ್ ತಗೊಳ್ಳುವವರು ವಯಾಗ್ರ ಜಾತಿಯ ಮಾತ್ರೆ ಮುಟ್ಟಲೇಬಾರದು, ಎರಡೂ ಸೇರಿದರೆ ಬಿಪಿ ಪ್ರಾಣಕ್ಕೇ ಅಪಾಯವಾಗುವಷ್ಟು ಇಳಿಯುತ್ತದೆ.

ಉಪ್ಪಿನಕಾಯಿ, ಹಪ್ಪಳ, ಬೇಕರಿ ಪಫ್ಸ್ ವಿಷಯ ಡಾಕ್ಟರ ಹತ್ತಿರ ಚರ್ಚೆ ಮಾಡುವ ಬದಲು ಡಯಟೀಷಿಯನ್ ಹತ್ತಿರ ಹೋಗಿ, ಅವರಿಗೆ ಮುದ್ದೆ, ಸೊಪ್ಪಿನ ಸಾರು, ರೊಟ್ಟಿಯ ಲೆಕ್ಕದಲ್ಲೇ ಹೇಳಲು ಬರುತ್ತದೆ.

ಎದ್ದು ಬರುವ ಮುಂಚೆ ಒಂದು ಕೆಲಸ. ಡಾಕ್ಟರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ವಾಪಸ್ ಹೇಳಿ: "ಅಂದರೆ ಈ ಬಿಳಿ ಮಾತ್ರೆ ಅರ್ಧ ಮಾಡಬೇಕು, ಇದು ಹೊಸದು ರಾತ್ರಿಗೆ, ಉಳಿದದ್ದು ಹಾಗೇ, ಸರಿನಾ ಸಾರ್?" ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ.

ಮಾತ್ರೆ ಕೊಳ್ಳುವಾಗ

ಜನೌಷಧಿ ಕೇಂದ್ರದಲ್ಲಿ ಈ ಮಾತ್ರೆಗಳಲ್ಲಿ ಹೆಚ್ಚಿನವು ತುಂಬ ಕಮ್ಮಿ ಬೆಲೆಗೆ ಸಿಗುತ್ತವೆ. ಆದರೆ ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿದ್ದು, ಅಲ್ಲಿ ಮೂಲ ಔಷಧಿಯ ಹೆಸರಿನಲ್ಲಿ ಕೊಟ್ಟಾಗ, ಮನೆಯಲ್ಲಿ ಉಳಿದ ಹಳೆಯ ಬ್ರ್ಯಾಂಡನ್ನೂ ಹೊಸದನ್ನೂ ಎರಡು ಬೇರೆ ಮಾತ್ರೆ ಅಂದುಕೊಂಡು ಒಟ್ಟಿಗೆ ನುಂಗುವ ಅಪಾಯ ಇದೆ. ಫಾರ್ಮಸಿಸ್ಟ್ ಹತ್ತಿರ ಪ್ರತಿ ಸ್ಟ್ರಿಪ್ ಮೇಲೂ "ಇದು ಹಳೆಯ ಇಂಥದ್ದರ ಬದಲು" ಅಂತ ಪೆನ್ನಿನಲ್ಲಿ ಬರೆಸಿಕೊಳ್ಳಿ. ಬಿಪಿ, ನಾಡಿ ಹತೋಟಿಗೆ ಕೊಡುವ ಮೆಟೊಪ್ರೊಲಾಲ್‌ನಲ್ಲಿ ನಿಧಾನಕ್ಕೆ ಬಿಡುಗಡೆಯಾಗುವುದು ಬೇರೆ, ಸಾದಾ ಬೇರೆ, ಚೀಟಿಯಲ್ಲಿ ಇರುವುದೇ ಬಂದಿದೆಯಾ ನೋಡಿಸಿ. ನಿಧಾನಕ್ಕೆ ಬಿಡುಗಡೆಯಾಗುವ ಮಾತ್ರೆಯನ್ನು ಪುಡಿ ಮಾಡಬಾರದು, ಅಗಿಯಬಾರದು.

ಥ್ಯಾಂಕ್ಸ್ ಹೇಳುವುದು ಹೇಗೆ

ಹೃದಯದ ಆಸ್ಪತ್ರೆ ಅಂದರೆ ನಮಗೆ ದೊಡ್ಡ ಡಾಕ್ಟರ ಹೆಸರು ನೆನಪಾಗುತ್ತದೆ, ಅದು ಸರಿಯೇ. ಜಯದೇವದಲ್ಲಿ ಹಲವು ವರ್ಷ ನಿರ್ದೇಶಕರಾಗಿದ್ದ ಡಾ. ಸಿ. ಎನ್. ಮಂಜುನಾಥ್ ಮೊದಲು ಚಿಕಿತ್ಸೆ, ಆಮೇಲೆ ದುಡ್ಡು ಎಂಬ ಪದ್ಧತಿಯನ್ನು ಜಾರಿಯಲ್ಲಿಟ್ಟಿದ್ದರಿಂದ ಎಷ್ಟೋ ಬಡ ಮನೆಗಳು ಉಳಿದವು. ಆದರೆ ಸ್ಟೆಂಟ್ ಹಾಕುವ ಕ್ಯಾತ್ ಲ್ಯಾಬಿನಿಂದ ರೋಗಿ ಬಂದ ರಾತ್ರಿ ಮತ್ತೆ ಮತ್ತೆ ಬಂದು ಮಣಿಕಟ್ಟಿನ ಬ್ಯಾಂಡ್ ನೋಡಿ, ಬೆರಳು ಬೆಚ್ಚಗಿದೆಯಾ ಅಂತ ಮುಟ್ಟಿ ನೋಡಿದವರ ಹೆಸರು ನಮಗೆ ಗೊತ್ತಿರುವುದಿಲ್ಲ. ಸ್ಟ್ರೆಚರ್ ತಳ್ಳುವಾಗ ಲಿಫ್ಟಿನ ಅಂಚಿಗೆ ಬಂದಾಗ ನಿಧಾನ ಮಾಡಿದ ಅಟೆಂಡರ್, ರಾತ್ರಿ ನೆಲ ಒರೆಸುತ್ತಾ ಜಾರುತ್ತೆ ಹುಷಾರು ಅಂದ ಆಯಾ, ಇವರಿಗೆಲ್ಲ ಥ್ಯಾಂಕ್ಸ್ ಹೇಳುವವರು ಕಮ್ಮಿ. ಫಾಲೋಅಪ್ ಅದಕ್ಕೆ ಒಳ್ಳೆಯ ಅವಕಾಶ, ರೋಗಿ ತನ್ನ ಕಾಲ ಮೇಲೆ ನಡೆದು ಬಂದಿರುತ್ತಾರಲ್ಲ, ಅವರನ್ನು ಹಾಗೆ ನೋಡುವುದೇ ವಾರ್ಡಿನವರಿಗೆ ಖುಷಿ.

ಓಪಿಡಿ ಕೆಲಸ ಮುಗಿದ ಮೇಲೆ ವಾರ್ಡಿನ ಕಡೆ ಹೋಗಿ. ಶಿಫ್ಟ್ ಬದಲಾಗುವ ಹೊತ್ತಿನಲ್ಲಿ, ಇಂಜೆಕ್ಷನ್ ಟ್ರಾಲಿ ಹಿಡಿದಿರುವಾಗ ಮಾತಾಡಿಸಬೇಡಿ, ಆ ಹೊತ್ತಿನಲ್ಲಿ ಗಮನ ಬೇರೆ ಕಡೆ ಹೋದರೆ ಇನ್ನೊಬ್ಬರಿಗೆ ತೊಂದರೆ. ಐಸಿಯು ಒಳಗೆ ನುಗ್ಗಬೇಡಿ. ಹೊರಗೆ ನಿಂತು ಇನ್‌ಚಾರ್ಜ್ ಸಿಸ್ಟರನ್ನು ಕೇಳಿ. ಎರಡು ನಿಮಿಷ ಸಾಕು. "ತುಂಬಾ ಚೆನ್ನಾಗಿ ನೋಡ್ಕೊಂಡ್ರಿ" ಅನ್ನುವ ಬದಲು ಅವರು ಏನು ಮಾಡಿದರು ಅನ್ನುವುದನ್ನೇ ಹೇಳಿ: "ಅವತ್ತು ರಾತ್ರಿ ಕೈ ಊದಿಕೊಂಡಿದ್ದನ್ನು ನೀವೇ ಮೊದಲು ನೋಡಿದ್ದು ಸಿಸ್ಟರ್." ಇಂಥ ಮಾತು ನೆನಪಲ್ಲಿ ಉಳಿಯುತ್ತದೆ.

ದುಡ್ಡು ಕೊಡಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಖುಷಿಗೆ ಅಂತ ಕೊಟ್ಟರೂ ತಗೊಂಡವರ ಕೆಲಸಕ್ಕೆ ಕುತ್ತು, ಪಕ್ಕದ ಬೆಡ್ಡಿನ ಬಡವರಿಗೂ ಕೊಡಲೇಬೇಕೇನೋ ಎಂಬ ಭಯ ಹುಟ್ಟುತ್ತದೆ. ಯಾರಾದರೂ ಕೈಚಾಚಿ ಕೇಳಿದರೆ ಮೇಲಿನವರಿಗೆ ಅಥವಾ ಲೋಕಾಯುಕ್ತಕ್ಕೆ ದೂರು ಕೊಡಿ, ಅದು ಬೇರೆ ದಾರಿ. ಹಣ್ಣು ಕೊಡಬೇಕು ಅನ್ನಿಸಿದರೆ ಇನ್‌ಚಾರ್ಜ್ ಹತ್ತಿರ ಕೇಳಿ ಇಡೀ ತಂಡಕ್ಕೆ ಕೊಡಿ. ಸಿಸ್ಟರ್ ಜೊತೆ ಸೆಲ್ಫಿ ತೆಗೆದು ಅವರನ್ನು ಕೇಳದೆ ಸ್ಟೇಟಸ್‌ಗೆ ಹಾಕಬೇಡಿ, ಹಿಂದೆ ಬೇರೆ ರೋಗಿಗಳೂ ಇರುತ್ತಾರೆ.

ನನ್ನ ಪ್ರಕಾರ ಎಲ್ಲಕ್ಕಿಂತ ಬೆಲೆಯುಳ್ಳದ್ದು ಒಂದು ಪತ್ರ. ಬಾಯಿಮಾತು ವಾರ್ಡಿನಲ್ಲೇ ಉಳಿಯುತ್ತದೆ, ಪತ್ರ ಮೇಲಿನವರ ಟೇಬಲ್‌ಗೆ ಹೋಗುತ್ತದೆ. ದೂರುಗಳು ಅಲ್ಲಿಗೆ ದಿನಾ ಹೋಗುತ್ತವೆ, ಮೆಚ್ಚುಗೆ ಹೋಗುವುದು ಅಪರೂಪ. ಕನ್ನಡದಲ್ಲೇ ಬರೆಯಿರಿ, ಅರ್ಧ ಪುಟ ಸಾಕು. ಹೀಗಿರಬಹುದು:

"ವೈದ್ಯಕೀಯ ಅಧೀಕ್ಷಕರಿಗೆ ನಮಸ್ಕಾರ. ನಮ್ಮ ತಂದೆ ಮಾರ್ಚ್ ತಿಂಗಳಲ್ಲಿ ನಿಮ್ಮ ಆಸ್ಪತ್ರೆಯ ಎರಡನೇ ಮಹಡಿಯ ವಾರ್ಡಿನಲ್ಲಿ ದಾಖಲಾಗಿದ್ದರು. ಅವರ ಆಸ್ಪತ್ರೆ ನಂಬರ್ ಕೆಳಗೆ ಬರೆದಿದ್ದೇನೆ. ರಾತ್ರಿ ಪಾಳಿಯ ಸಿಸ್ಟರ್ ಅವರು ತಂದೆಯ ಕೈ ಊದಿರುವುದನ್ನು ತಾವಾಗಿ ಗಮನಿಸಿ ಡ್ಯೂಟಿ ಡಾಕ್ಟರನ್ನು ಕೂಡಲೇ ಕರೆಸಿದರು. ಭಯಪಟ್ಟಿದ್ದ ನಮ್ಮ ತಾಯಿಗೆ ಏನಾಗುತ್ತಿದೆ ಅಂತ ಕೂರಿಸಿಕೊಂಡು ಹೇಳಿದರು. ತಂದೆ ಈಗ ದಿನಾ ನಡೆಯುತ್ತಿದ್ದಾರೆ. ಈ ಸಿಸ್ಟರ್ ಅವರ ಕೆಲಸವನ್ನು ನೀವು ಗಮನಿಸಬೇಕು, ಈ ಪತ್ರವನ್ನು ಅವರಿಗೂ ತೋರಿಸಬೇಕು ಎಂದು ಕೇಳಿಕೊಳ್ಳುತ್ತೇನೆ."

ಸಿಸ್ಟರ್ ಹೆಸರು ಸೇರಿಸಿ. ಗೊತ್ತಿಲ್ಲದಿದ್ದರೆ ವಾರ್ಡ್, ತಾರೀಕು, ಪಾಳಿ ಬರೆದರೂ ಸಾಕು, ಡ್ಯೂಟಿ ಪಟ್ಟಿ ನೋಡಿ ಅವರು ಕಂಡುಹಿಡಿಯುತ್ತಾರೆ. ಎರಡು ಪ್ರತಿ ಮಾಡಿ, ಒಂದನ್ನು ಅಧೀಕ್ಷಕರ ಕಚೇರಿಯಲ್ಲಿ ಕೊಟ್ಟು ಸೀಲ್ ಹಾಕಿಸಿ, ಇನ್ನೊಂದನ್ನು ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಕೊಡಿ. ಮೇ 12 ನರ್ಸುಗಳ ದಿನ, ಫಾಲೋಅಪ್ ಆ ಸುಮಾರಿಗೆ ಬಂದರೆ ಪತ್ರ ಆಗ ತಲುಪಲಿ. ಕೊರತೆ ಕಂಡಿದ್ದರೆ, ಕುಡಿಯುವ ನೀರಿಲ್ಲ, ವೀಲ್‌ಚೇರ್ ಸಿಗಲಿಲ್ಲ ಅಂತೆಲ್ಲ, ಅದನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ಮೆಚ್ಚುಗೆಯ ಪತ್ರದಲ್ಲಿ ಸೇರಿಸಿದರೆ ದೂರಿನ ಫೈಲಿಗೆ ಹೋಗಿಬಿಡುತ್ತದೆ.

ಇನ್ನೂ ಏನಾದರೂ ಮಾಡಬೇಕು ಅನ್ನಿಸಿದರೆ ಆಸ್ಪತ್ರೆಯ ರಕ್ತನಿಧಿಯಲ್ಲಿ ಕೇಳಿ. ಬೈಪಾಸ್ ಆಪರೇಷನ್‌ಗಳಿಗೆ ರಕ್ತ ಬೇಕೇ ಬೇಕು. ಸ್ಟೆಂಟ್ ಹಾಕಿಸಿಕೊಂಡವರು ಕೊಡುವ ಹಾಗಿಲ್ಲ, ಮಕ್ಕಳು ಕೊಡಬಹುದು: 18 ವರ್ಷ ಆಗಿರಬೇಕು, 45 ಕಿಲೋ ತೂಕವಾದರೂ ಇರಬೇಕು, ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ.

ಮನೆಗೆ ಬಂದ ಮೇಲೆ

ಅವತ್ತು ಸಂಜೆ ಸುಸ್ತಾಗಿರುತ್ತದೆ, ಆದರೂ ಮಲಗುವ ಮುಂಚೆ ಗೋಡೆಯ ಹಳೆಯ ಮಾತ್ರೆ ಪಟ್ಟಿ ತೆಗೆದು ಹೊಸದು ಬರೆಯಿರಿ. ಮುಂದಿನ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಅದಕ್ಕೆ ಎರಡು ದಿನ ಮುಂಚೆ ರಕ್ತ ಪರೀಕ್ಷೆ ಅಂತ ಇನ್ನೊಂದು ಗುರುತು.

ಎದೆನೋವು ಬಂದರೆ ಆ ತಾರೀಕಿಗೆ ಕಾಯಬೇಡಿ. ಕೂತುಕೊಂಡು, ನಿಂತಲ್ಲ, ಸಾರ್ಬಿಟ್ರೇಟ್ ಹೇಳಿಕೊಟ್ಟ ಹಾಗೆ ನಾಲಿಗೆ ಕೆಳಗಿಡಿ. ಐದು ನಿಮಿಷದಲ್ಲಿ ಕಮ್ಮಿಯಾಗದಿದ್ದರೆ, ಬೆವರು, ವಾಂತಿ, ದವಡೆ ಅಥವಾ ಕೈಗೆ ಎಳೆತ ಇದ್ದರೆ 108ಕ್ಕೆ ಫೋನ್ ಮಾಡಿ, ಬೈಕಿನಲ್ಲಿ ಕೂರಿಸಿಕೊಂಡು ಹೋಗಬೇಡಿ. ಬೆಂಗಳೂರಿನ ಆಸ್ಪತ್ರೆಗೇ ಹೋಗುತ್ತೇವೆ ಅಂತ ಹಟ ಹಿಡಿಯಬೇಡಿ, ಮೊದಲು ಹತ್ತಿರದ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ತಜ್ಞರಿಗೆ ಕಳಿಸಿ, ಬೇಕಿದ್ದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಮಾಡಿದ್ದಾರೆ. ನಿಮ್ಮ ತಾಲ್ಲೂಕಿನಲ್ಲಿ ಇದೆಯಾ ಅಂತ ಈಗಲೇ ಹೋಗಿ ವಿಚಾರಿಸಿ ಬನ್ನಿ, ನೋವು ಬಂದ ರಾತ್ರಿ ಹುಡುಕುವ ಹಾಗಾಗಬಾರದು.

ಡಾಕ್ಟರು ನಿಲ್ಲಿಸಿ ಅಂದ ಮಾತ್ರೆಗಳನ್ನು ಡಬ್ಬಿಯಿಂದ ಅವತ್ತೇ ಬೇರೆ ಮಾಡಿ. "ಇರಲಿ, ಯಾವಾಗಲಾದರೂ ಬೇಕಾಗುತ್ತೆ" ಅಂತ ಅದೇ ಡಬ್ಬಿಯಲ್ಲಿ ಉಳಿಸಿದರೆ ಕರೆಂಟ್ ಹೋದ ದಿನ ಕೈಗೆ ಸಿಗುವುದು ಅದೇ.